ಊರೆಲ್ಲ ಅರ್ಜುನರಾದರೆ

2014ರ ಏಪ್ರಿಲ್ 4ಕ್ಕೆ ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ಬಂತು. ನನ್ನ ಗೆಳೆಯರಿಬ್ಬರು ಬೆಂಗಳೂರಿನಲ್ಲಿ ಮುಂಗಡ ದುಡ್ಡು ಕಟ್ಟಿ ಕೂತಿದ್ದರು. ‘ನೀನೂ ಬಾರಲೇ, ಎಲ್ಲಾರೂ ಕೂಡಿ ಆಡೂಣು’ ಅಂತ ವಾರಕ್ಕೆರಡು ಸಲ ಫೋನ್ ಮಾಡ್ತಿದ್ದರು. ನಾನು ಹೋಗಲಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಜಗಳ ಆಗುತ್ತೆ, ಅದಕ್ಕೇ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಬೆಥೆಸ್ಡಾದವರ ಕಂಪ್ಯೂಟರ್ ಆಟಗಳ ಸರಣಿ. 1994ರ ‘ಅರೀನಾ’ದಿಂದ ಶುರುವಾಗಿ 1996ರಲ್ಲಿ ‘ಡ್ಯಾಗರ್‌ಫಾಲ್’, 2002ರಲ್ಲಿ ‘ಮಾರೋವಿಂಡ್’, 2006ರಲ್ಲಿ ‘ಆಬ್ಲಿವಿಯನ್’, 2011ರ ನವೆಂಬರ್ 11ಕ್ಕೆ ‘ಸ್ಕೈರಿಮ್’. ಟ್ಯಾಮ್ರಿಯೆಲ್ ಅನ್ನೋ ಕಲ್ಪನೆಯ ಖಂಡ, ಅದರಲ್ಲಿ ನಾವು ಒಂದು ವೇಷ ಕಟ್ಟಿಕೊಂಡು ತಿರುಗಬೇಕು. ಆಡೋನು ಒಬ್ಬನೇ. ಆತುರವಿಲ್ಲ, ಯಾರ ಕಾಟವೂ ಇಲ್ಲ. 2014ರಲ್ಲಿ ಬಂದದ್ದು ಎಂಎಂಒ. ಅಂದ್ರೆ ಸಾವಿರಾರು ಜನ ಇಂಟರ್ನೆಟ್ ಮೂಲಕ ಅದೇ ಲೋಕಕ್ಕೆ ಒಟ್ಟಿಗೆ ನುಗ್ಗೋದು. 2012ರ ಮೇ ತಿಂಗಳಲ್ಲಿ ಈ ಸುದ್ದಿ ಬಂದಾಗಲೇ ನನಗೆ ಹೊಟ್ಟೆಯೊಳಗೆ ಕಸಿವಿಸಿ ಆಗಿತ್ತು.

ನೀರಮಾನ್ವಿಯಂಥ ಊರಲ್ಲಿ ಕೂತು ಇವನಿಗ್ಯಾಕೆ ಇದರ ಉಸಾಬರಿ ಅಂತ ಕೇಳಬಹುದು. ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು ಸೆಕೆಂಡ್ ಹ್ಯಾಂಡ್, ರಾಯಚೂರಿನಿಂದ, ಬಸ್ಸಿನ ಹಿಂದಿನ ಸೀಟಲ್ಲಿ ನನ್ನ ತೊಡೆ ಮೇಲೆ. ಅದರಲ್ಲಿ ಓಡ್ತಿದ್ದದ್ದು ಮಾರೋವಿಂಡ್ ಒಂದೇ. ಆ ಆಟದಲ್ಲಿ ಎಲ್ಲಿಗೆ ಹೋಗಬೇಕು ಅಂತ ಬಾಣದ ಗುರುತು ತೋರಿಸೋದಿಲ್ಲ. ದಾರಿಯಲ್ಲಿ ಸಿಕ್ಕವರನ್ನ ಕೇಳಬೇಕು. ಅವರು ಸೇತುವೆ ದಾಟು, ಬಂಡೆ ಹತ್ತಿರ ಎಡಕ್ಕೆ ಹೊಳ್ಳು ಅನ್ನೋ ಥರ ಹೇಳ್ತಾರೆ, ಅದನ್ನ ನೆನಪಿಟ್ಟುಕೊಂಡು ನಡೀಬೇಕು. ನಮ್ಮ ಹೊಲಕ್ಕೆ ದಾರಿ ಕೇಳಿದರೂ ಹಂಗೇ ಅಲ್ವಾ, ಹಳ್ಳ ದಾಟಿ, ಬೇವಿನ ಗಿಡದ ಹತ್ರ. ನನ್ನ ಕಾಕಾನ ಮಗ ಆಗ ಐದನೇ ಕ್ಲಾಸು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂರ್ತಿದ್ದ. ಆಟದೊಳಗಿನ ಕಪಾಟಿನಲ್ಲಿ ಪುಸ್ತಕಗಳಿವೆ, ನಿಜವಾಗಿ ತೆಗೆದು ಓದಬಹುದು. ಅವನ ಇಂಗ್ಲಿಷು ಶಾಲೆಯಲ್ಲಿ ಬಂದದ್ದಲ್ಲ, ಆ ಕಪಾಟಿನಿಂದ ಬಂದದ್ದು. 2014ರಲ್ಲಿ ಪಿಯುಸಿ ಪರೀಕ್ಷೆ ಬರೀತಿದ್ದ. ಹಾಗಾಗಿ ನನಗೆ ಇದು ಟೈಂಪಾಸ್ ವಿಷಯ ಅಲ್ಲ.

ಮೊದಲ ತಕರಾರು ವೇಷದ್ದು. ಈ ಸರಣಿಯ ಕಥೆಗಳೆಲ್ಲ ಒಬ್ಬ ಅನಾಮಿಕನದು. ಮಾರೋವಿಂಡ್, ಆಬ್ಲಿವಿಯನ್, ಸ್ಕೈರಿಮ್ ಮೂರರಲ್ಲೂ ಅವನು ಕೈದಿಯಾಗಿ ಶುರು ಮಾಡ್ತಾನೆ, ಹೋಗ್ತಾ ಹೋಗ್ತಾ ಲೋಕದ ಹಣೆಬರಹವೇ ಅವನ ಕೈಗೆ ಬರುತ್ತೆ. ಆನ್‌ಲೈನ್‌ನಲ್ಲೂ ಅದೇ ಕಥೆ ಇಟ್ಟಿದ್ದಾರೆ: ಮೊಲಾಗ್ ಬಾಲ್ ಎಂಬ ದುಷ್ಟ ನಿನ್ನ ಆತ್ಮ ಕದ್ದಿದ್ದಾನೆ, ಲೋಕ ಉಳಿಸೋನು ನೀನೇ. ಸರಿ, ಆದ್ರೆ ಪಕ್ಕದಲ್ಲಿ ಅದೇ ಮುದುಕನ ಮುಂದೆ ಪಾಳಿ ಹಚ್ಚಿ ನಿಂತ ಮೂವತ್ತು ಜನಕ್ಕೂ ಅವನು ಇದೇ ಮಾತು ಹೇಳ್ತಾನೆ. ಜಾತ್ರೆಯಲ್ಲಿ ಬಯಲಾಟ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹತ್ತು ಮಂದಿ ಅರ್ಜುನರು ಒಮ್ಮೆಲೇ ರಂಗಕ್ಕೆ ಬಂದು ಒಬ್ಬನೇ ಕರ್ಣನ ಮೇಲೆ ಬಿದ್ದರೆ ಅದನ್ನ ಆಟ ಅಂತೀರಾ? ಸತ್ತ ಕರ್ಣ ಎರಡು ನಿಮಿಷಕ್ಕೆ ಎದ್ದು ಮುಂದಿನ ಹತ್ತು ಮಂದಿಗೆ ಕಾಯ್ತಾ ನಿಂತರೆ?

ಇದು ಈ ತಂಡದ ಸೋಮಾರಿತನ ಅಲ್ಲ, ಎಂಎಂಒದ ಹುಟ್ಟುಗುಣ. ನಾನು ಕೊಂದ ಕಳ್ಳ ಸತ್ತೇ ಇದ್ದರೆ ನನ್ನ ಹಿಂದೆ ಬಂದವನಿಗೆ ಕೆಲಸ ಇಲ್ಲ. ನಾನು ಮೇಜಿನ ಮೇಲಿನ ತಟ್ಟೆ ಎತ್ತಿಕೊಂಡು ಹೋದರೆ ಎಲ್ಲರ ತಟ್ಟೆಯೂ ಹೋಯ್ತು. ಅದಕ್ಕೇ ಅಲ್ಲಿ ತಟ್ಟೆಗಳು ಮೇಜಿಗೆ ಅಂಟಿಕೊಂಡಿರ್ತವೆ. ಸ್ಕೈರಿಮ್‌ನಲ್ಲಿ ಚಮಚ, ಬಕೆಟ್ಟು, ಎಲೆಕೋಸು ಎಲ್ಲವನ್ನೂ ಎತ್ತಬಹುದು. ನನ್ನ ಆಟದ ಮನೆಯಲ್ಲಿ ನಾನು ಇಟ್ಟ ಕಡೆಯೇ ಆರು ತಿಂಗಳು ಬಿಟ್ಟು ಬಂದರೂ ಒಂದು ಬಟ್ಟಲು ಕೂತಿರುತ್ತೆ. ನಗಬೇಡಿ. ಆ ಬಟ್ಟಲಿಗಾಗಿಯೇ ಇಷ್ಟು ವರ್ಷ ಜನ ಈ ಸರಣಿಯ ಬೆನ್ನು ಹತ್ತಿರೋದು.

ಬಟ್ಟಲಷ್ಟೇ ಅಲ್ಲ. 2012ರ ಫೆಬ್ರವರಿಯಲ್ಲಿ ಬೆಥೆಸ್ಡಾದವರೇ ಸ್ಕೈರಿಮ್ ತಿದ್ದೋ ಸಲಕರಣೆ, ಕ್ರಿಯೇಷನ್ ಕಿಟ್, ಪುಕ್ಕಟೆ ಕೊಟ್ಟರು. ಅದಿಲ್ಲದೆಯೂ ಚಿತ್ರಗಳನ್ನ ಬದಲಿಸಬಹುದು. ನಮ್ಮ ಹುಡುಗ ಮಾಡಿದ್ದೇನು ಗೊತ್ತೇ? ವೈಟ್‌ರನ್ ಅನ್ನೋ ಪಟ್ಟಣದಲ್ಲಿ ಒಂದು ಸಾಮಾನಿನ ಅಂಗಡಿ ಇದೆ. ಅದರ ಫಲಕದ ಚಿತ್ರ ತೆಗೆದು, ಕನ್ನಡದಲ್ಲಿ ‘ನೀರಮಾನ್ವಿ ಕಿರಾಣಿ’ ಅಂತ ಬರೆದು ತೂಗುಹಾಕಿದ. ಹಿಮ ಬೀಳೋ ಊರಲ್ಲಿ ನಮ್ಮೂರ ಹೆಸರು! ಅವತ್ತು ಅವ್ವನನ್ನೂ ಕರೆದು ತೋರಿಸಿದೆವು. ‘ಉದ್ರಿ ಕೊಡ್ತಾರೇನು ಅಲ್ಲಿ?’ ಅಂದಳು. ಇದು ಆನ್‌ಲೈನ್‌ನಲ್ಲಿ ಆಗೋ ಮಾತಲ್ಲ. ಅಲ್ಲಿಯ ಫಲಕ ಅವರ ಸರ್ವರ್‌ನ ಫಲಕ.

ಇನ್ನು ದುಡ್ಡು. 2014ರಲ್ಲಿ ಆಟಕ್ಕೆ ಅರವತ್ತು ಡಾಲರ್ ಇತ್ತು, ಆಮೇಲೆ ತಿಂಗಳಿಗೆ ಹದಿನೈದು. ಆಗಿನ ಲೆಕ್ಕದಲ್ಲಿ ತಿಂಗಳಿಗೆ ಒಂಬೈನೂರು ರೂಪಾಯಿ, ಅದೂ ಕ್ರೆಡಿಟ್ ಕಾರ್ಡಿನಲ್ಲಿ. ನಮ್ಮ ಓಣಿಯಲ್ಲಿ ಒಂದು ಕಾರ್ಡ್ ಹುಡುಕಿ ಕೊಡಿ ನೋಡೋಣ. ಸಾಲದ್ದಕ್ಕೆ ಇಂಪೀರಿಯಲ್ ಅನ್ನೋ ಒಂದು ಜನಾಂಗವನ್ನೇ ಎಂಬತ್ತು ಡಾಲರಿನ ಪೆಟ್ಟಿಗೆಯೊಳಗೆ ಇಟ್ಟು ಮಾರ್ತಿದ್ದರು. ತಿಂಗಳ ಬಾಡಿಗೆಯೂ ಬೇಕು, ಬಾಗಿಲಲ್ಲೇ ಇನ್ನೊಂದು ಟಿಕೇಟೂ ಬೇಕು ಅಂದ್ರೆ ಹೆಂಗೆ?

ಕಾರ್ಡನ್ನು ಹೇಗೋ ಹೊಂದಿಸಬಹುದು ಅನ್ನಿ. ತಂತಿಯ ಕಥೆ ಏನು? ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಎಂಟು ಘಟಕ, 1720 ಮೆಗಾವ್ಯಾಟ್. ಆದ್ರೂ ಸಂಜೆ ಆರಕ್ಕೆ ನಮ್ಮನೇಲಿ ಲಾಟೀನು. ಕರೆಂಟು ಬಂದಾಗ ಡಾಂಗಲ್ ಸಿಗ್ನಲ್ ಹಿಡಿಯೋದು ಮಾಳಿಗೆ ಮೇಲೆ ಮಾತ್ರ. ಸ್ಕೈರಿಮ್‌ಗೂ ಮೊದಲ ಸಲ ಸ್ಟೀಮ್ ಮೂಲಕ ಅಪ್ಪಣೆ ಬೇಕಿತ್ತು, ಸುಳ್ಳು ಹೇಳಲ್ಲ. ಅದಕ್ಕೆ ಕಂಪ್ಯೂಟರನ್ನೇ ರಾಯಚೂರಿನ ಗೆಳೆಯನ ರೂಮಿಗೆ ಹೊತ್ತೊಯ್ದಿದ್ದೆ. ಆದ್ರೆ ಅದು ಒಂದು ಸಲ. ಆಮೇಲೆ ಆಫ್‌ಲೈನ್‌ನಲ್ಲಿ ಆಟ ನಂದು.

ಇದನ್ನ ನಮ್ಮ ಕಡೆಯ ರೈತರಿಗೆ ಹೇಳಿದರೆ ಒಂದೇ ಮಾತಿಗೆ ತಿಳೀತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ನಾವು. ಗೇಟು ಎಲ್ಲೋ ಮೇಲೆ, ಅದನ್ನ ಎತ್ತೋನು ಇನ್ಯಾರೋ. ಬತ್ತ ಹಾಲು ತುಂಬೋ ಹೊತ್ತಿಗೆ ನೀರು ಬರಲಿಲ್ಲ ಅಂದ್ರೆ ರಸ್ತೆಗಿಳೀಬೇಕು. ಸ್ವಂತ ಬಾವಿ ಇದ್ದೋನು ಎರಡು ಕೊಡ ಆದ್ರೂ ಸೇದ್ಕೋತಾನೆ. ಇಪ್ಪತ್ತು ವರ್ಷ ಬಾವಿ ತೋಡಿ ಕೊಟ್ಟವರ ಮನೆಯವರೇ 2014ರಲ್ಲಿ ಅದೇ ಹೆಸರಲ್ಲಿ ಕಾಲುವೆ ಕಡೆ ಕೈ ತೋರಿಸಿದರು.

ಗೇಟು ಮುಚ್ಚಿದರೆ ಏನಾಗ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ 2011ರ ಡಿಸೆಂಬರ್ 15ಕ್ಕೆ ನಿಂತಿತು. ‘ಸಿಟಿ ಆಫ್ ಹೀರೋಸ್’ 2012ರ ನವೆಂಬರ್ ಕೊನೆಗೆ. ಎಂಟು ವರ್ಷ ಜನ ಕಟ್ಟಿಕೊಂಡ ಮನೆ, ಗೆಳೆತನ, ಹೆಸರು ಎಲ್ಲಾ ಒಂದು ರಾತ್ರಿಗೆ ಕರಗಿತು. ಮಾರೋವಿಂಡ್‌ ಬಂದದ್ದು 2002ರಲ್ಲಿ. ನಮ್ಮ ಸಿಡಿ ಮೇಲೆ ಗೀರು ಬಿದ್ದಿವೆ, ಇನ್ನೂ ಓಡ್ತದೆ.

ನನ್ನ ದೊಡ್ಡ ಭಯ ಬೇರೆಯೇ ಇದೆ. 2004ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂತು. ವಾರ್‌ಕ್ರಾಫ್ಟ್ ನಾಲ್ಕು ಎಲ್ಲಿ? ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ ಎರಡು ಭಾಗ ಬಂದವು, ಮೂರನೆಯದು ಕಾಯ್ತಾ ಕೂತವರಿಗೆ 2011ರಲ್ಲಿ ಎಂಎಂಒ ಕೊಟ್ಟು ಕೈ ತೊಳೆದುಕೊಂಡರು. ‘ಅಲ್ಟಿಮಾ ಆನ್‌ಲೈನ್’ 1997ರಲ್ಲಿ ಬಂದ ಮೇಲೆ ಆ ಸರಣಿಯಲ್ಲಿ ಮುಖ್ಯ ಆಟ ಅಂತ ಬಂದದ್ದು ಒಂದೇ, 1999ರಲ್ಲಿ. ತಿಂಗಳ ಬಾಡಿಗೆಯ ರುಚಿ ಹತ್ತಿದವನಿಗೆ ಒಂದೇ ಸಲ ಮಾರೋ ವ್ಯಾಪಾರ ಸಪ್ಪೆ. ಗೆಳೆಯರು ಹೇಳ್ತಾರೆ: ಇದನ್ನ ಮಾಡಿದ್ದು ಜೆನಿಮ್ಯಾಕ್ಸ್ ಆನ್‌ಲೈನ್ ಅನ್ನೋ ಬೇರೆ ತಂಡ, ಸ್ಕೈರಿಮ್ ಮಾಡಿದ ಟಾಡ್ ಹೊವಾರ್ಡ್ ತಂಡ ಹಂಗೇ ಇದೆ ಅಂತ. ಇದ್ದೀತು. ಆದ್ರೆ ಎರಡಕ್ಕೂ ಮಾಲೀಕ ಒಬ್ಬನೇ, ಮುಂದಿನ ಆಟಕ್ಕೆ ದುಡ್ಡು ಬಿಚ್ಚೋನೂ ಅವನೇ.

ಒಂದು ಮಾತು ಒಪ್ತೀನಿ. ಕೂಡಿ ಆಡೋ ಆಸೆ ನಮ್ಮದೇ. ಸ್ಕೈರಿಮ್‌ನ ಗುಡ್ಡ ಹತ್ತುವಾಗ ತಮ್ಮನೂ ಜೊತೆಗಿದ್ದರೆ ಅಂತ ನನಗೂ ಎಷ್ಟೋ ಸಲ ಅನಿಸಿದೆ. ಈಗ ಒಂದೇ ಕುರ್ಚಿಗೆ ಜಗಳ. ಆದ್ರೆ ನಾವು ಕೇಳಿದ್ದು ಇನ್ನೊಂದು ಕುರ್ಚಿ. ಅವರು ಕೊಟ್ಟದ್ದು ಬಸ್ ಸ್ಟ್ಯಾಂಡು.

ಕೂಗಾಡಿದರೆ ಕೇಳೋದೇ ಇಲ್ಲ ಅಂತಲೂ ಅಲ್ಲ. ನಮ್ಮ ಕಣ್ಣಿನಿಂದಲೇ ನೋಡೋ, ಕೈ ಕತ್ತಿ ಮುಂದೆ ಕಾಣೋ ನೋಟ ಇದರಲ್ಲಿ ಮೊದಲು ಸರಿಯಾಗಿ ಇರಲೇ ಇಲ್ಲ. ಜನ ಬೈದ ಮೇಲೆ 2013ರಲ್ಲಿ ಸೇರಿಸಿದರು. ಹಂಗಾಗಿ ನನ್ನ ಬೆಂಗಳೂರಿನ ದೋಸ್ತರೇ, ದುಡ್ಡು ಕಟ್ಟಿದ್ದೀರಿ ಅಂತ ಬಾಯಿ ಮುಚ್ಕೊಂಡು ಕೂರಬೇಡಿ. ಕಟ್ಟಿದವರ ಮಾತಿಗೆ ಬೆಲೆ ಜಾಸ್ತಿ. ಸರ್ವರ್ ಮುಚ್ಚಿದ ದಿನ ಏನು ಕೊಡ್ತೀರಿ ಅಂತ ಈಗಲೇ ಕೇಳಿ.

2014ರ ಏಪ್ರಿಲ್ 4 ಶುಕ್ರವಾರ. ಅವತ್ತು ರಾತ್ರಿ ನಾನು ಮಾನ್ವಿ ಬಸ್ಸು ಹತ್ತಿ ಊರಿಗೆ ಹೋದೆ. ಹುಡುಗನ ಪರೀಕ್ಷೆ ಅಷ್ಟೊತ್ತಿಗೆ ಮುಗಿದಿತ್ತು. ಫಲಕದಲ್ಲಿ ‘ಕಿರಾಣಿ’ಯ ಣಕಾರದ ಗುಡಿಸು ಬಿಟ್ಟುಹೋಗಿ ‘ಕಿರಾಣ’ ಆಗಿತ್ತಂತೆ, ‘ಅಣ್ಣ, ನೀ ಬಂದ ಮ್ಯಾಲೆ ಕೂಡಿ ತಿದ್ದೂಣು’ ಅಂದಿದ್ದ.