ಹಾಡು ಹಿಡಿಯುವ ಮೊದಲು ಫ್ರಿಜ್ ಆರಿಸಿ



ಈ ಸಲ ಅಡಿಗೆಯ ಮಾತು ಬೇಡ. ನನ್ನದೊಂದು ಹಳೆಯ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಇಂಥ ತಪ್ಪು ನಿಮ್ಮ ಮನೆಯಲ್ಲೂ ಆಗಿರಬಹುದು. ಆಗಿರದಿದ್ದರೆ, ಮುಂದೆ ಆಗದಿರಲಿ.

ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಹಾಡಿಗೆ ಹೆಸರಾದವಳು. ನಮ್ಮ ಸಾಗರದ ಕಡೆ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆಯುತ್ತಾರೆ. ಬರೆಯುವವರ ಬಾಯಲ್ಲಿ ಪದ ಇರಲೇಬೇಕು. 1993ರಲ್ಲಿ ಮಾವ ಒಂದು ಟೇಪ್ ರೆಕಾರ್ಡರ್ ತಂದಿದ್ದರು. ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ 60 ನಿಮಿಷದ ಒಂದು ಕ್ಯಾಸೆಟ್ ತುಂಬ ಹಾಡು ಹಿಡಿದರು. ಎರಡು ವರ್ಷದ ಮೇಲೆ ನಾನು ಎಸ್ಸೆಸ್ಸೆಲ್ಸಿ. ಭದ್ರಾವತಿ ಆಕಾಶವಾಣಿಯಲ್ಲಿ ಬರುವ ಸಿನಿಮಾ ಹಾಡುಗಳ ಹುಚ್ಚು. ಖಾಲಿ ಕ್ಯಾಸೆಟ್ ತರಲು ಕೈಯಲ್ಲಿ ಕಾಸಿಲ್ಲ. ಅಜ್ಜಿಯ ಕ್ಯಾಸೆಟ್ ಕಣ್ಣಿಗೆ ಬಿತ್ತು. ‘ಅಜ್ಜಿ ಇಲ್ಲೇ ಇದ್ದಾಳಲ್ಲ, ಬೇಕಾದಾಗ ಇನ್ನೊಮ್ಮೆ ಹಾಡಿಸಿದರಾಯಿತು’ ಅಂದುಕೊಂಡು ಅದರ ಮೇಲೇ ರೇಡಿಯೋ ಹಾಡು ತುಂಬಿಸಿಬಿಟ್ಟೆ. 1997ರಲ್ಲಿ ಅಜ್ಜಿ ತೀರಿಕೊಂಡಳು.

ಕ್ಯಾಸೆಟ್ಟಿನ ಬೆನ್ನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳು ಇರುತ್ತಿದ್ದವು, ನೆನಪಿದೆಯೇ? ಒಂದೊಂದು ಕಡೆಗೆ ಒಂದೊಂದು. ಅದನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡಿನ ಗುಂಡಿ ಕೆಳಗಿಳಿಯುವುದೇ ಇಲ್ಲ. ಯಾರೂ ಮುರಿದಿರಲಿಲ್ಲ. ಉಗುರಿನಷ್ಟು ಪ್ಲಾಸ್ಟಿಕ್ಕಿನ ಮಾತು ನೋಡಿ!

ಈಗ ಅಮ್ಮನಿಗೆ 74. ಅಣ್ಣನ ಮಗಳ ಮದುವೆ ಗೊತ್ತಾಗಿದೆ. ಆ ಹುಡುಗಿಗೆ ತನ್ನ ಮದುವೆಯ ಹಸೆಯನ್ನು ತಾನೂ ಒಂದು ಕೈ ಬರೆಯಬೇಕೆಂಬ ಆಸೆ. ಅಮ್ಮನಿಂದ ಚಿತ್ತಾರ ಅವಳು ಕಲಿಯಲಿ, ಹಾಡು ನಾನು ಹಿಡಿದಿಡುತ್ತೇನೆ ಎಂದು ಹೊರಟೆ.

ಮೊದಲನೆಯ ಪೆಟ್ಟು ಮೈಕಿನಲ್ಲೇ ಬಿತ್ತು. ದೊಡ್ಡದಿದ್ದರೆ ಒಳ್ಳೆಯದು ಎಂಬ ಲೆಕ್ಕದಲ್ಲಿ, ಚೀಟಿ ಹಣದಲ್ಲಿ ಸುಮಾರು 3000 ರೂಪಾಯಿಯದೊಂದು ಕಂಡೆನ್ಸರ್ ಮೈಕ್ ತರಿಸಿದೆ. ಯಜಮಾನರಿಗೆ ಹೇಳಲಿಲ್ಲ. ಸಿನಿಮಾದಲ್ಲಿ ಹಾಡುಗಾರರ ಮುಂದೆ ನಿಲ್ಲಿಸಿರುತ್ತಾರಲ್ಲ, ಅಂಥದ್ದೇ. ಫೋನಿಗೆ ಸಿಕ್ಕಿಸಿ ಹಾಡಿದರೆ ಉಸಿರಿಲ್ಲ, ದನಿಯಿಲ್ಲ! ನಮ್ಮ ಬೀದಿಯಲ್ಲಿ ಟೈಲರಿಂಗ್ ಮಾಡುವ ಅಕ್ಕ ಭಜನಾ ಮಂಡಳಿಯ ಮೈಕು ಸೆಟ್ಟು ನೋಡಿಕೊಳ್ಳುವವರು. ಅವರು ನಕ್ಕುಬಿಟ್ಟರು. “ಅಲ್ಲ ಮಾರಾಯ್ತಿ, ಇದಕ್ಕೆ ಹೊರಗಿನಿಂದ 48 ವೋಲ್ಟ್ ಕೊಡಬೇಕು. ನಿನ್ನ ಫೋನು ಎಲ್ಲಿಂದ ಕೊಡುತ್ತೆ?” ಅಂದರು. ಅದಕ್ಕೆ ಇನ್ನೊಂದು ಪೆಟ್ಟಿಗೆ ಬೇಕಂತೆ, ಅದಕ್ಕೆ ಮತ್ತೆ ದುಡ್ಡು.

ಆ ಅಕ್ಕ ಹೇಳಿಕೊಟ್ಟಿದ್ದನ್ನು ನಿಮಗೂ ಹೇಳುತ್ತೇನೆ. ಭಜನೆಯಲ್ಲಿ ಕೈಯಲ್ಲಿ ಹಿಡಿಯುತ್ತಾರಲ್ಲ, ಅದು ಡೈನಾಮಿಕ್ ಮೈಕ್. ಅದಕ್ಕೆ ಕರೆಂಟು ಬೇಡ, ಆದರೆ ಬಾಯಿಯ ಹತ್ತಿರವೇ ಇರಬೇಕು. ಕಂಡೆನ್ಸರ್ ಮೈಕಿಗೆ ಕಿವಿ ಬಹಳ ಚುರುಕು. ಹಾಡಿನ ಜೊತೆಗೆ ಪಕ್ಕದ ಮನೆ ಕುಕ್ಕರಿನ ಸೀಟಿಯನ್ನೂ ಬಿಡದೆ ಹಿಡಿಯುತ್ತದೆ. ನಮ್ಮಂಥವರಿಗೆ ಸಾಕಾಗುವುದು ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕ್. ಫೋನಿನಿಂದ ಬರುವ ಅಲ್ಪ ವಿದ್ಯುತ್ತೇ ಅದಕ್ಕೆ ಸಾಕು. ಕೊಳ್ಳುವಾಗ ಅದರ ಪಿನ್ನು ನೋಡಿ. ಪಿನ್ನಿನ ಮೇಲೆ ಕಪ್ಪು ಗೆರೆ ಮೂರಿದ್ದರೆ ಫೋನಿನದು, ಎರಡಿದ್ದರೆ ಕ್ಯಾಮೆರಾದ್ದು. ಎರಡು ಗೆರೆಯದನ್ನು ಹಾಗೇ ಫೋನಿಗೆ ಸಿಕ್ಕಿಸಿದರೆ ಮೈಕು ಕೆಲಸ ಮಾಡುವುದಿಲ್ಲ. ನಿಮ್ಮ ಫೋನಿನಲ್ಲಿ ಆ ದುಂಡನೆಯ ತೂತೇ ಇಲ್ಲದಿದ್ದರೆ ಟೈಪ್-ಸಿ ಪಿನ್ನಿನ ಮೈಕ್ ಕೇಳಿ ತನ್ನಿ. ಹೊಸ ಫೋನುಗಳಲ್ಲಿ ಆ ತೂತು ಹೆಚ್ಚಾಗಿ ಇರುವುದಿಲ್ಲ.

ಮೈಕ್ ಸಿಕ್ಕಿತು, ತವರಿಗೆ ಹೋದೆ. ಅಮ್ಮನನ್ನು ನಡುಮನೆಯಲ್ಲಿ ಕೂರಿಸಿ ಹಾಡಿಸಿದೆ. ಕೇಳಿದರೆ ಬಾವಿಯೊಳಗಿಂದ ಹಾಡಿದ ಹಾಗಿದೆ. ಕೆಂಪು ಗಾರೆ ನೆಲ, ಬರಿಗೋಡೆ, ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ. ಜೊತೆಗೆ ಫ್ಯಾನಿನ ಗೊರಗೊರ, ಫ್ರಿಜ್ಜಿನ ಗುಂಯ್. ನಮ್ಮ ಕಿವಿ ಇವನ್ನೆಲ್ಲ ಕೇಳಿಯೂ ಕೇಳದ ಹಾಗೆ ಇರುತ್ತದೆ, ಮೈಕಿಗೆ ಆ ದಾಕ್ಷಿಣ್ಯ ಇಲ್ಲ.

ಮರುದಿನ ಮಲಗುವ ಕೋಣೆಗೆ ಹೋದೆವು. ಹಾಸಿಗೆ, ದಿಂಬು, ಸೀರೆ ತುಂಬಿದ ಕಪಾಟು ಇರುವ ಕೋಣೆಯಲ್ಲಿ ದನಿ ಮೆತ್ತಗೆ ನಿಲ್ಲುತ್ತದೆ. ಕಪಾಟಿನ ಬಾಗಿಲು ತೆರೆದೇ ಇಡಿ. ಎದುರಿನ ಗೋಡೆಗೆ ಹಗ್ಗ ಕಟ್ಟಿ ಒಂದು ಕಂಬಳಿ ಇಳಿಬಿಡಿ. ಸ್ಟುಡಿಯೋ ಎಂದರೆ ಇಷ್ಟೇ, ದುಡ್ಡು ಖರ್ಚಿಲ್ಲ. ಫ್ಯಾನು, ಫ್ರಿಜ್ಜು ಎರಡೂ ಆರಿಸಿ. ಫ್ರಿಜ್ ಮತ್ತೆ ಹಾಕಲು ಮರೆತರೆ ಹಾಲು ಒಡೆಯುತ್ತದೆ, ಅದಕ್ಕೇ ಮನೆಯ ಬೀಗದ ಕೈ ಫ್ರಿಜ್ಜಿನೊಳಗೇ ಇಡಿ. ಹೊರಗೆ ಹೊರಟಾಗ ನೆನಪು ತಾನಾಗಿ ಬರುತ್ತದೆ! ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲಾಂದ್ರೆ ಹಾಡು ಏರುವ ಹೊತ್ತಿಗೇ ಯಾರದ್ದಾದರೂ ಕರೆ ಬರುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ ಇರಲಿ. ಎದುರಿಗಿದ್ದರೆ ಪ, ಬ, ಭ ಬಂದಾಗೆಲ್ಲ ಗಾಳಿ ಬಡಿದು ಢಬ್ ಅನ್ನುತ್ತದೆ. ಮಾಂಗಲ್ಯದ ಸರ ತಾಗದ ಹಾಗೆ, ಗಂಜಿ ಹಾಕಿದ ಸೀರೆಯ ಮಡಿಕೆಗೆ ಉಜ್ಜದ ಹಾಗೆ ಸಿಕ್ಕಿಸಿ. ರೆಕಾರ್ಡಿಂಗಿನ ಪಟ್ಟಿ ಕೆಂಪಿಗೆ ಹೋಗಬಾರದು. ದನಿ ಸಣ್ಣದಾಗಿದ್ದರೆ ಆಮೇಲೆ ದೊಡ್ಡದು ಮಾಡಬಹುದು, ಒಡೆದ ದನಿಯನ್ನು ಮಾತ್ರ ಸರಿಮಾಡಲು ಬರುವುದಿಲ್ಲ. ಉಪ್ಪು ಕಮ್ಮಿಯಾದರೆ ಹಾಕಬಹುದು, ಜಾಸ್ತಿಯಾದರೆ?

ಇಷ್ಟೆಲ್ಲ ಸರಿಯಾಯಿತು. ಆದರೆ ಅಮ್ಮನ ಬಾಯಿಂದ ಹಾಡೇ ಬರಲೊಲ್ಲದು. ಎರಡು ಸಾಲು ಹೇಳುತ್ತಾಳೆ, ನಿಲ್ಲಿಸುತ್ತಾಳೆ. “ಮರ್ತೇ ಹೋಯ್ತು ಕಣೆ. ಸುಮ್ನೆ ಕೂತ್ಕೊಂಡು ಹಾಡು ಅಂದ್ರೆ ಹ್ಯಾಗೆ ಬರುತ್ತೆ?” ಅಂದಳು. ನನಗೆ ಎದೆ ಧಸಕ್ಕೆಂದಿತು. ತಡವಾಯಿತೇನೋ ಅಂದುಕೊಂಡೆ.

ಆ ಮಧ್ಯಾಹ್ನ ಅಣ್ಣನ ಮಗಳು ಕೆಮ್ಮಣ್ಣು ಬಳಿದ ಹಲಗೆ ತಂದಿಟ್ಟಳು. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿದ ಬಿಳಿ, ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಎಲ್ಲ ತೆಂಗಿನ ಕರಟದಲ್ಲಿ. ಪುಂಡಿ ನಾರಿನ ಕುಂಚ. ಹುಡುಗಿ ಗೆರೆ ಎಳೆಯತೊಡಗಿದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಗೆರೆ ಸೊಟ್ಟಗಾಯ್ತು, ಬಿಳಿ ಮಸುಕಾಯ್ತು, ಮೂಲೆ ಕೂಡಲಿಲ್ಲ, ಕುಂಚ ಹಾಗೆ ಹಿಡೀಬಾರದು” ಅಂತ ಒಂದೇ ಉಸಿರಿಗೆ ಹೇಳಿದೆ. ಹುಡುಗಿ ಕುಂಚ ಕೆಳಗಿಟ್ಟಳು. “ನಂಗೆ ಬರಲ್ಲ ಬಿಡಿ ಅತ್ತೆ” ಅಂದಳು.

ಅಮ್ಮ ನನ್ನ ಮುಖ ನೋಡಿದಳು. “ಒಂದು ದಿನಕ್ಕೆ ಒಂದು ತಪ್ಪು ಹೇಳಬೇಕು. ನಿಂಗೆ ನಾನು ರೊಟ್ಟಿ ಕಲಿಸುವಾಗ ಎಷ್ಟು ಹೇಳಿದ್ದೆ?” ಅಂದವಳು ಮೊಮ್ಮಗಳ ಪಕ್ಕ ಕೂತಳು. “ಕುಂಚ ಒತ್ತಬೇಡ, ಎಳೆ. ಇವತ್ತು ಅಷ್ಟೇ. ಬಿಳಿ ಮಸುಕಲ್ಲ ಅದು, ಒದ್ದೆ ಇರುವಾಗ ಹಾಗೇ ಕಾಣೋದು, ಒಣಗಲಿ ನೋಡು” ಅಂದಳು. ತಾನೇ ಕುಂಚ ತೆಗೆದುಕೊಂಡು ಒಂದು ಗೆರೆ ಎಳೆದು ತೋರಿಸಿದಳು. ಇನ್ನೊಂದು ಎಳೆದಳು. ಮೂರನೆಯ ಗೆರೆಗೆ ಬಾಯಲ್ಲಿ ಪದ ಬಂತು!

ನಾನು ಕೂತಲ್ಲೇ ಕಲ್ಲಾದೆ. ಆಮೇಲೆ ಮೆಲ್ಲಗೆ ಹೋಗಿ ಸೆರಗಿಗೆ ಮೈಕು ಸಿಕ್ಕಿಸಿದೆ. ಬೆಳಿಗ್ಗೆ ಒಂದು ನಿಮಿಷ ಹಾಡಲಾರದವಳು ಮುಕ್ಕಾಲು ಗಂಟೆ ಹಾಡಿದಳು. ಹಾಡು ಅವಳ ತಲೆಯಲ್ಲಿ ಇರಲೇ ಇಲ್ಲ, ಕೈಯಲ್ಲಿತ್ತು. ನಿಮ್ಮ ಮನೆಯ ಹಿರಿಯರೂ ಹಾಡು ಮರೆತೆ ಅಂದರೆ ನಂಬಬೇಡಿ. ಬೀಸುವ ಪದಕ್ಕೆ ಬೀಸುವ ಕಲ್ಲು ಮುಂದಿಡಿ, ತೊಟ್ಟಿಲ ಹಾಡಿಗೆ ಮಡಿಲಲ್ಲಿ ಮಗು ಕೊಡಿ. ಹಲಗೆಗೆ ಬಗ್ಗಿದರೂ ಎದ್ದರೂ ಕಾಲರ್ ಮೈಕು ಬಾಯಿಂದ ಅಷ್ಟೇ ದೂರದಲ್ಲಿರುತ್ತದೆ, ಆದ್ದರಿಂದ ದನಿ ಏರುಪೇರಾಗಲಿಲ್ಲ. ಬಳೆಯ ಸದ್ದು ಬಂದಿದೆ. ಬರಲಿ, ಅದೂ ಅಮ್ಮನದೇ.

ಒಂದು ಕಡೆ ಹಾಡು ನಿಂತಿತು. ಕೈಯೂ ನಿಂತಿತು. “ಇಲ್ಲೊಂದು ನುಡಿ ಇತ್ತು. ನಮ್ಮವ್ವ ಹೇಳೋಳು” ಅಂದಳು ಅಮ್ಮ. ಆ ನುಡಿ ಆ ಕ್ಯಾಸೆಟ್ಟಿನಲ್ಲಿತ್ತು. ತಡೆಯಲಾಗದೆ ಅವತ್ತು ಎಲ್ಲ ಹೇಳಿಬಿಟ್ಟೆ. ನಾನೇ ಅಳಿಸಿದ್ದು ಅಂದೆ. ಅಮ್ಮ ಕರಟದಲ್ಲಿ ಕುಂಚ ಅದ್ದುತ್ತ, “ಗೊತ್ತಿತ್ತು. ಅವ್ವ ಹೋದ ಮೇಲೆ ಒಂದಿನ ದನಿ ಕೇಳೋಣ ಅಂತ ಹಾಕಿದ್ದೆ” ಅಂದಳು. ಇಷ್ಟೇ. ಹೆಚ್ಚುಕಡಿಮೆ ಮೂವತ್ತು ವರ್ಷ ಒಂದು ಮಾತೂ ಆಡಿರಲಿಲ್ಲ ಸೋದರಿಯರೇ. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಸಂಜೆ ಚಿಕ್ಕಮ್ಮನಿಗೆ ಫೋನು ಮಾಡಿದೆವು. ಅವಳು ಒಂದು ನುಡಿ ಹೇಳಿದಳು. ಅಮ್ಮ, “ಅದಲ್ಲ, ನಿಮ್ಮ ಗಂಡನ ಮನೆ ಕಡೇದು ಸೇರಿಸ್ತಿದೀಯ” ಅಂದಳು. ಚಿಕ್ಕಮ್ಮ, “ಅಕ್ಕಾ, ನಿಂಗೆ ಮರೆವು” ಅಂದಳು. ಅರ್ಧ ಗಂಟೆ ಜಗಳ! ಯಾರದ್ದು ಸರಿ ಎಂದು ತೀರ್ಮಾನ ಮಾಡಲು ನಾನು ಹೋಗಲಿಲ್ಲ. ಮುಂದಿನ ವಾರ ಚಿಕ್ಕಮ್ಮನ ಮನೆಗೇ ಹೋಗಿ ಅವಳ ನುಡಿಯನ್ನೂ ಹಿಡಿದು ತಂದೆ. ಅಮ್ಮ ನಿಲ್ಲಿಸಿದ ಜಾಗವನ್ನು ಕತ್ತರಿಸಲಿಲ್ಲ. ಅದು ಹಾಗೇ ಇರಲಿ.

ಇನ್ನು ಹಿಡಿದದ್ದನ್ನು ಉಳಿಸುವ ಮಾತು. ಶುರುವಿನಲ್ಲಿ ಹತ್ತು ಸೆಕೆಂಡು ಯಾರೂ ಮಾತಾಡದೆ ಸುಮ್ಮನೆ ರೆಕಾರ್ಡ್ ಮಾಡಿ. ಕೋಣೆಯ ಗುಂಯ್ ಸದ್ದಿನ ಆ ತುಣುಕನ್ನು ನೋಡಿಕೊಂಡು ಕಂಪ್ಯೂಟರು ಹಾಡಿನಿಂದ ಅದನ್ನು ತೆಗೆಯುತ್ತದೆ. ಅಡಾಸಿಟಿ ಎಂಬ ತಂತ್ರಾಂಶ ಇದಕ್ಕೆ ಸಾಕು. ದುಡ್ಡಿಲ್ಲದೆ ಸಿಗುತ್ತದೆ, ಮಕ್ಕಳನ್ನು ಕೇಳಿದರೆ ಹಾಕಿಕೊಡುತ್ತಾರೆ. ಆಮೇಲೆ ಹಾಡುವವರ ಹೆಸರು, ಊರು, ತಾರೀಖು, ಯಾರಿಂದ ಕಲಿತದ್ದು ಎಂದು ಬಾಯಲ್ಲೇ ಹೇಳಿ. ಚೀಟಿ ಕಳೆಯುತ್ತದೆ, ದನಿಯ ಜೊತೆಗಿದ್ದದ್ದು ಕಳೆಯುವುದಿಲ್ಲ.

ಫೋನಿನ ರೆಕಾರ್ಡರಿನಲ್ಲಿ ವೇವ್ ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ಒಂದೇ ಮೈಕಿನದಾದರೆ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಬೇಕು. ಎಂಪಿ3 ಆದರೆ ಸುಮಾರು 1 ಎಂಬಿ ಸಾಕು, ಆದರೆ ಅದು ದನಿಯ ಕೆಲವು ಎಳೆಗಳನ್ನು ಕಿತ್ತು ಜಾಗ ಉಳಿಸುತ್ತದೆ. ಮೆಸೇಜು ಕಳಿಸುವ ಕಡೆ ಗುಂಡಿ ಒತ್ತಿ ಹಿಡಿದು ಹಾಡಿಸಬೇಡಿ. ಅದು ದನಿಯನ್ನು ಇನ್ನೂ ಹಿಂಡಿಬಿಡುತ್ತದೆ. ಮೂರು ಪ್ರತಿ ಮಾಡಿ: ಫೋನಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು, ಇನ್ನೊಂದು ಬೇರೆ ಊರಿನ ಮಗನ ಮನೆಯಲ್ಲೋ ತಂಗಿಯ ಮನೆಯಲ್ಲೋ. ಎಲ್ಲ ಒಂದೇ ಕಪಾಟಿನಲ್ಲಿದ್ದರೆ ಒಂದೇ ಮಳೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಹಾಕಿ ಕೇಳಿ, ಉಪ್ಪಿನಕಾಯಿ ಭರಣಿ ತೆಗೆದು ನೋಡುವ ಹಾಗೆ. ನಾಲ್ಕು ಜನಕ್ಕೆ ಕಳಿಸುವ ಮೊದಲು ಹಾಡಿದವರನ್ನು ಒಂದು ಮಾತು ಕೇಳಿ, ಅವರ ಹೆಸರು ಹಾಕಿಯೇ ಕಳಿಸಿ.

ಆ ದೊಡ್ಡ ಮೈಕು ಏನಾಯಿತು ಅಂತೀರಾ? ಭಜನಾ ಮಂಡಳಿಯ ಪೆಟ್ಟಿಗೆಯಲ್ಲಿ 48 ವೋಲ್ಟಿನ ಗುಂಡಿ ಇತ್ತು. ಟೈಲರ್ ಅಕ್ಕನಿಗೇ ಕೊಟ್ಟೆ. ಅವರು ನನ್ನ ಎರಡು ರವಿಕೆ ಹೊಲಿದುಕೊಟ್ಟರು. ಯಜಮಾನರಿಗೆ ಮೊನ್ನೆ ಹೇಳಿದೆ. “ರವಿಕೆ ಬಹಳ ದುಬಾರಿಯಾಯಿತು” ಎಂದಷ್ಟೇ ಅಂದರು.

ಅಣ್ಣನ ಮಗಳ ಗೆರೆ ಈಗ ನೆಟ್ಟಗಾಗಿದೆ. ಬಾಯಲ್ಲಿ ಅರ್ಧ ಪದವೂ ಬಂದಿದೆ. ಯಾವ ನುಡಿ ಹೇಳುತ್ತೀಯೆ, ಅಜ್ಜಿಯದೋ ಚಿಕ್ಕಜ್ಜಿಯದೋ ಎಂದು ಕೇಳಿದರೆ, “ಎರಡೂ” ಅನ್ನುತ್ತಾಳೆ.

ನಿಮ್ಮ ಮನೆಯಲ್ಲಿ ಹಾಡುವ ಅಜ್ಜಿಯೋ, ಅತ್ತೆಯೋ, ದೊಡ್ಡಮ್ಮನೋ ಇದ್ದಾರಲ್ಲ? ಈ ಸಂಚಿಕೆ ಮಡಚಿಟ್ಟು ಇವತ್ತೇ ಒಂದು ಹಾಡು ಹಿಡಿಯಿರಿ. ಮೈಕು ಇಲ್ಲದಿದ್ದರೆ ಬೇಡ, ಬರಿ ಫೋನೇ ಸಾಕು. ನಾಳೆ ಹಾಡಿಸಿದರಾಯಿತು ಎಂದು ಮಾತ್ರ ಬಿಡಬೇಡಿ. ನಾನು ಹಾಗೆ ಬಿಟ್ಟವಳು.

ನಿಮಗೆ ಗೊತ್ತಿರುವ ಉಪಾಯವಿದ್ದರೆ ನನಗೂ ಬರೆಯಿರಿ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಏನು ಮಾಡುವುದೆಂದು ನನಗಿನ್ನೂ ಹೊಳೆದಿಲ್ಲ!