ಖಳನಾಯಕಿಯೂ ನಮ್ಮ ಮನೆಯ ಮಗಳೂ



ಕಳೆದ ತಿಂಗಳು ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತುತ್ತು ಎತ್ತದೆ ಸುಮ್ಮನೆ ಕುಳಿತಿದ್ದರು. ಕೇಳಿದಾಗ ಮೆಲ್ಲಗೆ ಹೇಳಿದರು. ನಗರದ ಕಂಪನಿಯೊಂದರಲ್ಲಿದ್ದ ಮಗಳು ಕೆಲಸ ಬಿಟ್ಟು ಊರಿಗೆ ಬಂದಿದ್ದಾಳೆ. ಮೇಲಧಿಕಾರಿ ಹೊತ್ತಲ್ಲದ ಹೊತ್ತಿನಲ್ಲಿ ಸಂದೇಶ ಕಳಿಸುತ್ತಿದ್ದನಂತೆ, ಕೆಲಸದ ನೆಪ ಹೇಳಿ ಅವಳೊಬ್ಬಳನ್ನೇ ಉಳಿಸಿಕೊಳ್ಳುತ್ತಿದ್ದನಂತೆ.

"ನಾ ಆಕಿಗೆ ಮೊದಲ ಏನ್ ಕೇಳಿದೆ ಗೊತ್ತೇನ್ರಿ ಅಣ್ಣಾರ? ನೀ ಹೆಂಗ ನಡಕೊಂಡಿದ್ದಿ ಅಂತ ಕೇಳಿದೆ. ಅವತ್ತಿನಿಂದ ಆಕಿ ನನ್ನ ಕೂಡ ಮಾತಾಡವಲ್ಲಳು."

"ಹಂಗ್ಯಾಕ ಕೇಳಿದ್ರಿ?" ಎಂದೆ.

"ಟಿವಿಯಾಗ ನೋಡ್ತೀವಲ್ರಿ, ಆಫೀಸಿನ ಹೆಣ್ಮಕ್ಕಳು ಸಾಹೇಬರ ಬೆನ್ನ ಹತ್ತೋದು. ಅದೇ ತಲಿಯಾಗಿತ್ತು."

ಆ ಹಿರಿಯರು ಕೆಟ್ಟವರಲ್ಲ. ಮಗಳನ್ನು ಓದಿಸಿದವರು, ದಿನವೂ ಇಷ್ಟಲಿಂಗ ಪೂಜೆ ಮಾಡುವವರು. ಅಂಥವರ ತಲೆಯಲ್ಲೂ ಈ ಚಿತ್ರ ಕುಳಿತಿದೆ ಎಂದರೆ ಅದು ಎಲ್ಲಿಂದ ಬಂತು ಎಂದು ನೋಡಲೇಬೇಕು.

ಅಮೆರಿಕದಲ್ಲಿ ಟಿವಿಗೆಂದೇ ತಯಾರಾಗುವ ರೋಮಾಂಚಕ ಚಿತ್ರಗಳ ಒಂದು ದೊಡ್ಡ ಉದ್ಯಮವಿದೆ. 1984ರಲ್ಲಿ ಆರಂಭವಾದ ಲೈಫ್‌ಟೈಮ್ ವಾಹಿನಿ ಅದರ ಮುಖ್ಯ ನೆಲೆ. ಮಹಿಳೆಯರಿಗಾಗಿ ಇರುವ ಟೆಲಿವಿಷನ್ ಎಂದು ತನ್ನನ್ನು ಕರೆದುಕೊಂಡ ವಾಹಿನಿ ಅದು. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಕಥೆ ಹೀಗಿದೆ: ಕಚೇರಿಗೆ ಹೊಸ ಸಹಾಯಕಿ ಬರುತ್ತಾಳೆ. ಚೆಲುವೆ, ಚುರುಕು, ಹೇಳಿದ ಕೆಲಸವನ್ನು ಹೇಳುವ ಮೊದಲೇ ಮಾಡುವವಳು. ನಿಧಾನವಾಗಿ ಅವಳಿಗೆ ಮೇಲಧಿಕಾರಿಯ ಮೇಲೆ ಮೋಹ ಹುಟ್ಟುತ್ತದೆ. ಅಧಿಕಾರಿ ಹೆಣ್ಣಾಗಿದ್ದರೆ ಆಕೆಯ ಗಂಡ, ಮನೆ, ಕುರ್ಚಿಯ ಮೇಲೆ ಕಣ್ಣು ಬೀಳುತ್ತದೆ. ಅಡ್ಡ ಬಂದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಮೊದಲು ಅನುಮಾನ ಪಡುವವಳು ಹೆಂಡತಿ ಅಥವಾ ಗೆಳತಿ. ಅವಳ ಮಾತನ್ನು ಯಾರೂ ನಂಬುವುದಿಲ್ಲ. ಕೊನೆಗೆ ಖಳನಾಯಕಿ ಸಾಯುತ್ತಾಳೆ ಇಲ್ಲವೇ ಸೆರೆಯಾಗುತ್ತಾಳೆ, ಸಂಸಾರ ಮತ್ತೆ ಒಂದಾಗುತ್ತದೆ. 2008ರ 'ದಿ ಪರ್ಫೆಕ್ಟ್ ಅಸಿಸ್ಟೆಂಟ್' ಇದೇ ಜಾತಿಯದು. 2009ರಲ್ಲಿ ಚಿತ್ರಮಂದಿರಕ್ಕೆ ಬಂದ 'ಅಬ್ಸೆಸ್ಡ್' ಕೂಡ ಇದೇ ಅಚ್ಚಿನದು. ಅದರಲ್ಲಿ ತಾತ್ಕಾಲಿಕ ಕೆಲಸಕ್ಕೆ ಬಂದವಳು ಅಧಿಕಾರಿಯ ಬೆನ್ನು ಬೀಳುತ್ತಾಳೆ. ಆತ ಮಾತ್ರ ಪೂರ್ಣ ನಿರಪರಾಧಿ. ಕೊನೆಯ ಹೊಡೆದಾಟ ನಡೆಯುವುದು ಅವಳಿಗೂ ಅವನ ಹೆಂಡತಿಗೂ.

ಈ ಅಚ್ಚಿನ ಮೂಲ ಹುಡುಕುತ್ತಾ ಹೋದರೆ 1987ರ 'ಫೇಟಲ್ ಅಟ್ರ್ಯಾಕ್ಷನ್' ಸಿಗುತ್ತದೆ. ಪ್ರಕಾಶನ ಸಂಸ್ಥೆಯ ಸಂಪಾದಕಿ ಅಲೆಕ್ಸ್, ಆ ಸಂಸ್ಥೆಯ ಕೆಲಸ ನೋಡುವ ವಕೀಲ ಡ್ಯಾನ್. ಹೆಂಡತಿ ಊರಲ್ಲಿಲ್ಲದಾಗ ಅವನು ಅಲೆಕ್ಸಳ ಸಂಗ ಮಾಡುತ್ತಾನೆ. ಆಮೇಲೆ ಏನೂ ಆಗಿಯೇ ಇಲ್ಲ ಎಂಬಂತೆ ಮನೆಗೆ ಮರಳಲು ನೋಡುತ್ತಾನೆ. ಮೊದಲು ಚಿತ್ರಿಸಿದ ಅಂತ್ಯದಲ್ಲಿ ಅಲೆಕ್ಸ್ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾಳೆ, ಚಾಕುವಿನ ಮೇಲೆ ಡ್ಯಾನ್‌ನ ಬೆರಳ ಗುರುತಿರುತ್ತದೆ, ಪೊಲೀಸರು ಅವನನ್ನು ಹಿಡಿದೊಯ್ಯುತ್ತಾರೆ. ಬಿಡುಗಡೆಗೆ ಮುನ್ನ ಇದನ್ನು ನೋಡಿದ ಪ್ರೇಕ್ಷಕರಿಗೆ ಸಮಾಧಾನವಾಗಲಿಲ್ಲ. ನಿರ್ಮಾಪಕರು ಅಂತ್ಯವನ್ನು ಮತ್ತೆ ಚಿತ್ರಿಸಿದರು. ಈಗ ಅಲೆಕ್ಸ್ ಚಾಕು ಹಿಡಿದು ಮನೆಗೆ ನುಗ್ಗುತ್ತಾಳೆ, ಡ್ಯಾನ್‌ನ ಹೆಂಡತಿ ಅವಳಿಗೆ ಗುಂಡು ಹಾರಿಸುತ್ತಾಳೆ, ಕೊನೆಗೆ ಕಾಣುವುದು ಆ ಸಂಸಾರದ ಫೋಟೊ. ಅಲೆಕ್ಸಳ ಪಾತ್ರ ಮಾಡಿದ ಗ್ಲೆನ್ ಕ್ಲೋಸ್ ಈ ಬದಲಾವಣೆಯನ್ನು ವಿರೋಧಿಸಿ, ಕೊನೆಗೆ ಒಪ್ಪಬೇಕಾಯಿತು. ಮನೋರೋಗಿಗಳಿಗೆ ಅಂಟುವ ಕಳಂಕವನ್ನು ಅಳಿಸಲು ಮುಂದೆ ಆಕೆಯೇ ಒಂದು ಸಂಸ್ಥೆ ಕಟ್ಟಲು ನೆರವಾದರು.

ಈ ಬದಲಾವಣೆಯನ್ನು ಸ್ವಲ್ಪ ಯೋಚಿಸಿ. ಮೊದಲ ಅಂತ್ಯದಲ್ಲಿ ಗಂಡಸು ತನ್ನ ತಪ್ಪಿಗೆ ಉತ್ತರ ಕೊಡಬೇಕಿತ್ತು. ಎರಡನೆಯದರಲ್ಲಿ ಅವನ ತಪ್ಪನ್ನೂ ಹೆಣ್ಣೇ ಹೊತ್ತು ಸತ್ತಳು, ಅವಳನ್ನು ಕೊಂದವಳೂ ಹೆಣ್ಣೇ. ಪ್ರೇಕ್ಷಕರು ಚಪ್ಪಾಳೆ ಹೊಡೆದರು. ಮುಂದೆ ಬಂದ ಟಿವಿ ಚಿತ್ರಗಳು ಈ ಪಾಠವನ್ನೇ ಕಲಿತವು. ಬರುಬರುತ್ತಾ ಗಂಡಸು ತಪ್ಪು ಮಾಡುವುದೂ ಬೇಡವಾಯಿತು.

ಅದೇ ವರ್ಷಗಳಲ್ಲಿ ಹೊರಗೆ ಏನಾಗುತ್ತಿತ್ತು? 1986ರಲ್ಲಿ ಬ್ಯಾಂಕ್ ಉದ್ಯೋಗಿ ಮಿಶೆಲ್ ವಿನ್ಸನ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕೆಲಸದ ಸ್ಥಳದ ಲೈಂಗಿಕ ಕಿರುಕುಳವೂ ಕಾನೂನು ನಿಷೇಧಿಸುವ ತಾರತಮ್ಯವೇ ಎಂದು ಒಪ್ಪಿತು. 1991ರಲ್ಲಿ ಅನಿತಾ ಹಿಲ್, ಸುಪ್ರೀಂ ಕೋರ್ಟಿಗೆ ನಾಮಕರಣಗೊಂಡಿದ್ದ ಕ್ಲಾರೆನ್ಸ್ ಥಾಮಸ್ ವಿರುದ್ಧ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಪ್ರಶ್ನೆಗಳೆಲ್ಲ ಅವರ ನಡತೆಯ ಸುತ್ತಲೇ ತಿರುಗಿದವು. 52ಕ್ಕೆ 48 ಮತಗಳಿಂದ ಥಾಮಸ್ ನ್ಯಾಯಮೂರ್ತಿಯಾದರು. ಮೂರು ವರ್ಷಕ್ಕೆ, 1994ರಲ್ಲಿ, 'ಡಿಸ್‌ಕ್ಲೋಷರ್' ಬಂತು. ಅದರಲ್ಲಿ ಕಿರುಕುಳ ಕೊಡುವವಳು ಮೇಲಧಿಕಾರಿಯಾದ ಹೆಣ್ಣು, ಅನುಭವಿಸುವವನು ಕೈಕೆಳಗಿನ ಗಂಡಸು. ಡ್ಯಾನ್ ಪಾತ್ರ ಮಾಡಿದ್ದ ಮೈಕೆಲ್ ಡಗ್ಲಸ್ ಅವರೇ ಇಲ್ಲೂ ನಾಯಕ. ಹೆಣ್ಣು ಬಾಯಿ ಬಿಟ್ಟು ಹೇಳಲು ಆರಂಭಿಸಿದ ಕಾಲದಲ್ಲಿ ಪರದೆ ಅವಳನ್ನೇ ಬೇಟೆಗಾರ್ತಿಯಾಗಿ ತೋರಿಸುತ್ತಿತ್ತು.

ನಮ್ಮ ದೇಶದ ಕಥೆ ಬೇರೆಯಲ್ಲ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆ, ಕುಂಬಾರ ಸಮುದಾಯದವರು. ಕೂಸಿನ ಮದುವೆ ತಡೆಯಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅಂದರೆ ಅವರು ತಮ್ಮ ಕಾಯಕ ಮಾಡಿದ್ದೇ ಅಪರಾಧವಾಯಿತು. 1995ರಲ್ಲಿ ವಿಚಾರಣಾ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಡುಗಡೆ ಮಾಡಿತು. ಆದರೆ ಆ ಪ್ರಕರಣದ ಬೆನ್ನಿಗೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾನೂನಾಯಿತು. ಈ ನಡುವೆ 2004ರಲ್ಲಿ ಹಿಂದಿಯಲ್ಲಿ ತೆರೆಕಂಡದ್ದು 'ಐತ್ರಾಜ್'. 'ಡಿಸ್‌ಕ್ಲೋಷರ್' ಜಾಡಿನ ಕಥೆ. ಆ ಮೇಲಧಿಕಾರಿಣಿಯ ಪಾತ್ರಕ್ಕೆ ಪ್ರಿಯಾಂಕಾ ಚೋಪ್ರಾ ಅವರಿಗೆ ಖಳಪಾತ್ರದ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆ ಹೊತ್ತಿಗೆ ನಮ್ಮ ಎಷ್ಟು ಜನರಿಗೆ ಭಂವರಿ ದೇವಿಯ ಹೆಸರು ಗೊತ್ತಿತ್ತು? ಅಮೆರಿಕದ ಅಚ್ಚು ನಮ್ಮ ಪಡಸಾಲೆಗೆ ಬಂದದ್ದು ಹೀಗೆ. ಸಂಜೆಯ ಧಾರಾವಾಹಿಗಳ ಸಂಚುಗಾರ್ತಿಯರು ಅದನ್ನು ದಿನವೂ ಹೊಸದು ಮಾಡುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಹೆಣ್ಣು ತಪ್ಪು ಮಾಡುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅಧಿಕಾರ ಸಿಕ್ಕರೆ ಹೆಣ್ಣೂ ಅದನ್ನು ದುರುಪಯೋಗ ಮಾಡಬಹುದು. ಗಂಡಸೂ ನೋಯಬಹುದು, ಅವನ ನೋವನ್ನೂ ಕೇಳಬೇಕು. ಇಂಥ ಚಿತ್ರಗಳನ್ನು ನೋಡುವ ನಮ್ಮ ತಾಯಂದಿರನ್ನು ಹೀಗಳೆಯುವುದೂ ನಮ್ಮ ಉದ್ದೇಶವಲ್ಲ. ದಿನವಿಡೀ ದುಡಿದು ಕುಳಿತವರಿಗೆ, ಎಂದೂ ತಲೆ ತಗ್ಗಿಸದ ಒಬ್ಬ ಹೆಣ್ಣನ್ನು ಎರಡು ಗಂಟೆ ನೋಡುವುದರಲ್ಲಿ ಒಂದು ಸುಖವಿದ್ದೀತು. ತಕರಾರು ಇರುವುದು ಒಂದೇ ಕಥೆ ನೂರು ಸಲ ಬರುವುದರ ಬಗ್ಗೆ. ನೂರು ಸಲ ಕೇಳಿದ ಕಥೆ ಕಥೆಯಾಗಿ ಉಳಿಯುವುದಿಲ್ಲ, ಅನುಭವದ ಜಾಗದಲ್ಲಿ ಕುಳಿತುಬಿಡುತ್ತದೆ. ಆಗ ಮಗಳು ಅಳುತ್ತಾ ಬಂದರೂ ನಮಗೆ ಕಾಣುವುದು ಆ ಸಹಾಯಕಿಯ ಮುಖ.

ಹನ್ನೆರಡನೆಯ ಶತಮಾನದ ಶರಣೆಯರು ನಮಗೆ ಬೇರೆಯದೇ ಚಿತ್ರ ಕೊಟ್ಟಿದ್ದಾರೆ. ಭತ್ತ ಕುಟ್ಟಿದ ಕೊಟ್ಟಣದ ಸೋಮವ್ವ, ನೂಲು ತೆಗೆದ ಕದಿರ ರೆಮ್ಮವ್ವೆ, ಕಸ ಗುಡಿಸಿದ ಸತ್ಯಕ್ಕ, ಇವರೆಲ್ಲ ಹೊಸ್ತಿಲ ಹೊರಗೂ ದುಡಿದವರು. ದುಡಿಮೆಗಾಗಿ ಹೊರಗೆ ಬಂದ ಹೆಣ್ಣನ್ನು ಶರಣರು ಸಂಶಯದಿಂದ ನೋಡಲಿಲ್ಲ; ಅವಳ ಕಾಯಕವನ್ನೇ ಅವಳ ಹೆಸರಿಗೆ ಸೇರಿಸಿ ಗೌರವಿಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ತಿದ್ದಿದವಳು ಆಯ್ದಕ್ಕಿ ಲಕ್ಕಮ್ಮ. ಗಂಡನ ತಪ್ಪನ್ನು ಎತ್ತಿ ಹೇಳಿದ್ದಕ್ಕೆ ಅವಳು ಖಳನಾಯಕಿಯಾಗಲಿಲ್ಲ, ಶರಣೆಯಾದಳು.

ಹಾಗಾದರೆ ನಾವೇನು ಮಾಡಬೇಕು? ಟಿವಿ ಆರಿಸಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಮಾಡಬೇಕಾದ ಕೆಲಸ ಬೇರೆ ಇದೆ.

2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದೇ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನವರೊಬ್ಬರು ಇರಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ನೀಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿ ರಚಿಸದ ಸಂಸ್ಥೆಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ದುಡಿಯುವವರಿಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಕ್ರಮ ಕೈಗೊಳ್ಳಲು ಅವಕಾಶವಿದೆ. ಆದರೆ ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ.

ನಮ್ಮ ಮಠಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯಗಳಲ್ಲಿ ಎಷ್ಟೋ ಸಾವಿರ ಹೆಣ್ಣುಮಕ್ಕಳು ದುಡಿಯುತ್ತಾರೆ. ಅಲ್ಲಿ ಈ ಸಮಿತಿ ಇದೆಯೇ? ಇದ್ದರೆ ಸದಸ್ಯರ ಹೆಸರು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇದೆಯೇ? ಕಸ ಗುಡಿಸುವ ತಾಯಿಗೂ ಅದು ಗೊತ್ತಿದೆಯೇ? ಪೂಜ್ಯರು, ಆಡಳಿತ ಮಂಡಳಿಯವರು ಇದನ್ನು ಈ ತಿಂಗಳೇ ವಿಚಾರಿಸಲಿ ಎಂದು ವಿನಂತಿಸುತ್ತೇವೆ. ಊರಿಗೆ ಸಮತೆಯ ಪಾಠ ಹೇಳುವ ನಾವು ಮೊದಲು ನಮ್ಮ ಅಂಗಳವನ್ನು ಗುಡಿಸಿಕೊಳ್ಳಬೇಕು.

ಇನ್ನು ಮನೆಯಲ್ಲಿ. ಮಗಳೋ ಸೊಸೆಯೋ ಕೆಲಸದ ಜಾಗದ ಸಂಕಟ ಹೇಳಿಕೊಂಡು ಬಂದಾಗ ಮೊದಲ ಪ್ರಶ್ನೆ ಬದಲಾಗಲಿ. "ನೀ ಹೆಂಗ ನಡಕೊಂಡಿದ್ದಿ" ಎಂಬುದರ ಬದಲು "ಏನಾತವ್ವಾ, ಹೇಳು" ಎನ್ನೋಣ. ಪೂರ್ತಿ ಕೇಳೋಣ. ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಲು, ತಾರೀಖು ಬರೆದಿಡಲು ಹೇಳೋಣ. ದೂರು ಕೊಡುವ ದಿನ ಜೊತೆಗೆ ಹೋಗೋಣ.

ಅಂದು ಆ ಹಿರಿಯರಿಗೂ ಇಷ್ಟೇ ಹೇಳಿದೆ. ಅವರು ತಟ್ಟೆಯ ಪ್ರಸಾದ ಮುಗಿಸಿ, ಕೈತೊಳೆದು ಬಂದು, "ಇನ್ನೂ ಮೂರು ತಿಂಗಳು ಮುಗಿದಿಲ್ರಿ. ಮನೀಗೆ ಹೋಗಿ ಆಕಿಗೆ ಮೊದಲ ತಪ್ಪಾತವ್ವಾ ಅಂತೀನಿ" ಎಂದರು.