ತಪ್ಪು ಸರಕಾರದ್ದು, ದಂಡ ವಿದ್ಯಾರ್ಥಿಗೆ

ಉತ್ತರ ಪ್ರದೇಶದ 2004ರ ಮದ್ರಸಾ ಶಿಕ್ಷಣ ಮಂಡಳಿ ಕಾಯ್ದೆಯನ್ನು ಸುಪ್ರೀಮ್ ಕೋರ್ಟು 2024ರ ನವೆಂಬರ್ 5ರಂದು ಎತ್ತಿಹಿಡಿದಾಗ ಸಮುದಾಯ ಸಂತಸಪಟ್ಟಿತು. ಆದರೆ ಅದೇ ತೀರ್ಪು ಮಂಡಳಿಯು ಕಾಮಿಲ್, ಫಾಝಿಲ್ ಪದವಿಗಳನ್ನು ನೀಡುವುದು ಅಸಾಂವಿಧಾನಿಕವೆಂದಿತು. ಸ್ನಾತಕೋತ್ತರಕ್ಕೆ ಸಮಾನವೆಂದು ನಂಬಿ ಫಾಝಿಲ್ ಓದಿದವನ ಗತಿಯೇನು?

ಪದವಿ ನೀಡುವ ಅಧಿಕಾರ ವಿಶ್ವವಿದ್ಯಾನಿಲಯಗಳದ್ದೆಂದು 1956ರ ಯುಜಿಸಿ ಕಾಯ್ದೆಯೇ ಹೇಳುತ್ತದೆ. ಇಪ್ಪತ್ತು ವರ್ಷ ಸರಕಾರಕ್ಕೆ ಅದು ಕಾಣಲಿಲ್ಲವೇ?

ಹಾಗೆಂದು ಸರಕಾರವನ್ನು ದೂರಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಅಲೀಗಢದಲ್ಲಿ, ಜಾಮಿಯಾ ಮಿಲ್ಲಿಯಾದಲ್ಲಿ ಇಸ್ಲಾಮಿಕ್ ಅಧ್ಯಯನದ ಎಂ.ಎ. ಇದೆ. ನಮ್ಮ ಉನ್ನತ ಧಾರ್ಮಿಕ ವಿದ್ಯಾಸಂಸ್ಥೆಗಳಲ್ಲಿ ಎಷ್ಟು ಮಂದಿ ವಿಶ್ವವಿದ್ಯಾನಿಲಯದ ಮಾನ್ಯತೆಗಾಗಿ ಪ್ರಯತ್ನಿಸಿದ್ದಾರೆ?

ಇಲ್ಮ್‌ಗೆ ಯಾರ ಮುದ್ರೆಯೂ ಬೇಕಿಲ್ಲ, ನಿಜ. ಉದ್ಯೋಗಕ್ಕೆ ಬೇಕು. ಮಕ್ಕಳನ್ನು ಸೇರಿಸುವ ಮುನ್ನ ಹೆತ್ತವರು ಒಂದೇ ಪ್ರಶ್ನೆ ಕೇಳಲಿ: ಈ ಪದವಿಯನ್ನು ಕೊಡುವವರು ಯಾರು?